ಎಡಕ್ಕೆ ತಿರುಗುವ ಮೆಟ್ಟಿಲು

ಶಿಕಾರಿಪುರ,
೧೨-೧೧-೧೯೫೭

ಸೊರಬದ ಮರಗೆಲಸದ ಯಜಮಾನರಾದ ಶ್ರೀ ಉಚ್ಚಂಗಪ್ಪನವರಿಗೆ ಶರಣು.

ನಾನು ಈ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ಹೋದ ವರ್ಷ ನಿವೃತ್ತಳಾದವಳು. ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ಕೆಲಸದ ಪರಿಚಯ ನನಗೆ ಉಂಟು. ಆನವಟ್ಟಿಯ ವರ್ತಕರೊಬ್ಬರ ಮನೆಯಲ್ಲಿ ನೀವು ಇಡಿಯ ಮರದ ದಿಮ್ಮಿಯೊಂದನ್ನು ನಡುವೆ ನಿಲ್ಲಿಸಿ, ಅದರ ಸುತ್ತ ಸೀಳಿದ ದಿಮ್ಮಿಗಳನ್ನು ಮೆಟ್ಟಿಲಾಗಿ ಕೂರಿಸಿದ್ದನ್ನು ಕಂಡಿದ್ದೇನೆ. ಮರವನ್ನು ಹೆರೆದು ಹಲಗೆ ಮಾಡದೆ, ಕಾಡಿನಲ್ಲಿ ಅದು ಹೇಗಿತ್ತೋ ಹಾಗೆಯೇ ಅದರ ಗಂಟು, ಬಾಗುಗಳನ್ನು ಉಳಿಸಿದ್ದಿರಿ. ಮೊದಲ ನೋಟಕ್ಕೆ ಅದು ಒರಟೆನಿಸಿತು. ಎರಡನೆಯ ನೋಟಕ್ಕೆ ಹಾಗೆನಿಸಲಿಲ್ಲ.

ನನ್ನ ಮನೆ ಚಿಕ್ಕದು. ಮಹಡಿಯಲ್ಲಿ ಒಂದೇ ಕೋಣೆ; ನನ್ನ ಪುಸ್ತಕಗಳೂ ಕುರ್ಚಿಯೂ ಬೀದಿಯ ಕಡೆಗಿನ ಕಿಟಕಿಯೂ ಅಲ್ಲಿವೆ. ಅಲ್ಲಿಗೆ ಹೋಗಲು ಇರುವುದು ಒಂದು ಕಡಿದಾದ ಏಣಿ. ದೀಪಾವಳಿಯಿಂದ ಈಚೆಗೆ ನಾನು ಮೇಲೆ ಹೋಗಿಲ್ಲ. ಕಾರಣವನ್ನು ವಿವರಿಸುವ ಅಗತ್ಯ ಕಾಣುವುದಿಲ್ಲ. ಮನೆಗೆಲಸದ ನಿಂಗಮ್ಮನನ್ನು ಪುಸ್ತಕ ತರಲು ಕಳುಹಿಸಿದರೆ ಅವಳು ಪ್ರತಿ ಸಲವೂ ಹಳೆಯ ಪಂಚಾಂಗವನ್ನೇ ತರುತ್ತಾಳೆ. “ಕೆಂಪು ರಟ್ಟಿಂದು ತಾ ಅಂದ್ರಿ, ಕೆಂಪಿಂದೇ ತಂದೀನಲ್ರೀ ಅಮ್ಮಾರೆ. ಒಳಗ ಏನು ಐತೆ ಅಂತ ನನಗೇನು ಗೊತ್ತು?” ಎನ್ನುತ್ತಾಳೆ. ಅವಳ ಮಾತು ನ್ಯಾಯವಾದದ್ದೇ. ಆದರೆ ಪಂಚಾಂಗವನ್ನು ಎಷ್ಟು ಸಲ ಓದಲಾದೀತು?

ನಡುಮನೆಯ ಮೂಲೆಯಲ್ಲಿ ಗಾಡಿಯ ಚಕ್ರವೊಂದನ್ನು ಮಲಗಿಸುವಷ್ಟು ಸ್ಥಳವಿದೆ. ಅಷ್ಟರಲ್ಲಿ ಸುತ್ತಿ ಮೇಲೇರುವ ಮೆಟ್ಟಿಲು ಮಾತ್ರ ಹಿಡಿಸೀತು. ನೀವು ಒಪ್ಪುವುದಾದರೆ ತಿಳಿಸಿ. ಸೊರಬದಲ್ಲಿ ಬೇರೆ ಬಡಗಿಗಳೂ ಇದ್ದಾರೆಂದು ಬಲ್ಲೆ. ನಿಮಗೇ ಬರೆಯುತ್ತಿರುವುದಕ್ಕೆ ನಿಮ್ಮ ಕೆಲಸದ ಗುಣ ಕಾರಣವೇ ಹೊರತು ಬೇರೆ ಕಾರಣವಿಲ್ಲ.

ಇಂತು,
ರಾಜೇಶ್ವರಮ್ಮ


ಸೊರಬ,
೨೧-೧೧-೧೯೫೭

ಶ್ರೀಮತಿ ರಾಜೇಶ್ವರಮ್ಮನವರ ಸನ್ನಿಧಿಗೆ ಮರಗೆಲಸದ ಉಚ್ಚಂಗಪ್ಪನು ಹೇಳಿ ಬರೆಸಿದ ಪತ್ರ.

ತಮ್ಮ ಕಾಗದವನ್ನು ಎರಡು ಸಲ ಓದಿಸಿ ಕೇಳಿದೆ. ಕೆಲಸ ಒಪ್ಪಿದ್ದೇನೆ. ಇದಕ್ಕೆ ಮೂರು ಹುರಿಗಳನ್ನು ಕಳುಹಿಸಬೇಕು. ನಡುಮನೆಯ ನೆಲದಿಂದ ಮಹಡಿಯ ನೆಲದವರೆಗಿನ ಎತ್ತರಕ್ಕೆ ಒಂದು. ಏಣಿ ಏರುವ ಕಿಂಡಿಯ ಅಗಲಕ್ಕೆ ಒಂದು. ಮೂರನೆಯದು ಕಾಲಿನ ಅಳತೆ. ಮನೆಯಲ್ಲಿ ಹೆಚ್ಚಾಗಿ ಮೇಲೆ ಹತ್ತುವವರು ಗೋಡೆಯ ಪಕ್ಕ ನಿಂತು, ಏನನ್ನೂ ಹಿಡಿದುಕೊಳ್ಳದೆ, ಸಲೀಸಾಗಿ ಎಷ್ಟು ಬರುತ್ತದೆಯೋ ಅಷ್ಟೇ ಕಾಲೆತ್ತಬೇಕು. ನೆಲದಿಂದ ಅಂಗಾಲಿನವರೆಗೆ ಹುರಿ ಹಿಡಿದು ಗಂಟು ಹಾಕಬೇಕು. ಮೆಟ್ಟಿಲಿನ ಎತ್ತರವನ್ನು ನಾವು ಮರಕ್ಕೆ ತಕ್ಕಂತೆ ಇಡುವುದಿಲ್ಲ, ಕಾಲಿಗೆ ತಕ್ಕಂತೆ ಇಡುತ್ತೇವೆ.

ಇಲ್ಲಿಂದ ಮುಂದಿನದನ್ನು ಯಜಮಾನರು ತಮ್ಮ ಮಾತಿನಲ್ಲೇ ಬರೆಯಬೇಕೆಂದು ಹಟ ಹಿಡಿದಿದ್ದಾರೆ: “ಚಪ್ಪಲಿ ತಗಳಕ್ಕೆ ಹೋದೋರು ಕಾಲಿಗೆ ಹಾಕಿ ನೋಡ್ತಾರೆ. ಮೆಟ್ಲು ಮಾಡ್ಸೋರು ಯಾರೂ ಕಾಲು ತೋರ್ಸಲ್ಲ. ಆಮೇಲೆ ಎಡವಿ ಬಿದ್ದು ಬಡಗೀನ ಬೈತಾರೆ. ಎಂತ ನ್ಯಾಯ ಇದು?”

ನಮ್ಮ ಅಂಗಡಿಯ ರೂಢಿಯೊಂದನ್ನೂ ಮೊದಲೇ ತಿಳಿಸುತ್ತೇವೆ. ಮೆಟ್ಟಿಲನ್ನು ನಿಲ್ಲಿಸಿದ ಮೇಲೆ ಅದನ್ನು ಮಾಡಿದ ಕೈಯವನೇ ಮೊದಲು ಹತ್ತಿ ಇಳಿಯಬೇಕು. ಮುರಿದು ಬೀಳುವುದಾದರೆ ಅವನೇ ಬೀಳಲಿ ಎಂಬುದು ಇದರ ಅರ್ಥ. ಮನೆಯವರು ಕಾಲಿಡುವುದು ಅವನ ನಂತರ. ನಲವತ್ತು ವರ್ಷಗಳಲ್ಲಿ ಇದನ್ನು ಬಿಟ್ಟದ್ದಿಲ್ಲ. ಕೆಲಸ ಧೃಡವಾಗಿರುತ್ತದೆ ಎಂದು ನಂಬಬಹುದು.

ಇಂತು,
ಉಚ್ಚಂಗಪ್ಪ (ಹೆಬ್ಬೆಟ್ಟು)
ಬರೆದವನು: ಅಂಗಡಿಯ ಕೆಲಸಗಾರ


ಶಿಕಾರಿಪುರ,
೨-೧೨-೧೯೫೭

ಶ್ರೀ ಉಚ್ಚಂಗಪ್ಪನವರಿಗೆ ಶರಣು.

ನಿಮ್ಮ ಪತ್ರವನ್ನು ಬರೆದುಕೊಟ್ಟ ಕೈ ಯಾರದೆಂದು ನಾನು ಬಲ್ಲೆ. ಆ ಕೈಯನ್ನು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದವಳು ನಾನೇ. ನನ್ನ ಮಗ ತೋಟಪ್ಪ ನಿಮ್ಮ ಅಂಗಡಿಯಲ್ಲಿರುವುದು ನನಗೆ ಮೊದಲೇ ತಿಳಿದಿತ್ತು. ತಿಳಿಯದೆ ಬರೆದೆನೆಂದು ನೀವು ಭಾವಿಸಬಾರದು.

ನಮ್ಮಿಬ್ಬರ ನಡುವಿನ ಸಂಗತಿಯನ್ನು ಅವನು ನಿಮಗೆ ಹೇಳಿರದಿದ್ದರೆ ನಾನೇ ಹೇಳುತ್ತೇನೆ. ಮೂರು ವರ್ಷಗಳ ಹಿಂದೆ ಶಿವಮೊಗ್ಗೆಯಲ್ಲಿ ಉಪಾಧ್ಯಾಯರ ತರಬೇತಿಯನ್ನು ನಡುವೆಯೇ ಬಿಟ್ಟು ನಿಮ್ಮಲ್ಲಿಗೆ ಬಾಚಿ ಹಿಡಿಯಲು ಬಂದ. ಮರಗೆಲಸ ಕೀಳೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಕೈಗೆತ್ತಿಕೊಂಡದ್ದನ್ನು ಅರ್ಧಕ್ಕೆ ಬಿಡುವುದು ಕೀಳು. ಏನನ್ನಾದರೂ ಪೂರ್ತಿ ಮಾಡಿ, ಅದರ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಮನೆಗೆ ಬಾ, ಅಲ್ಲಿಯವರೆಗೆ ಬರಬೇಡ ಎಂದೆ. ಅವನು ಬಂದಿಲ್ಲ. ನಾನು ಕರೆದಿಲ್ಲ. ಆ ಮಾತು ಹಾಗೆಯೇ ಇದೆ.

ಈ ಪತ್ರವ್ಯವಹಾರ ನಿಮಗೂ ನನಗೂ ಮೆಟ್ಟಿಲಿನ ವಿಷಯದಲ್ಲಿ ನಡೆಯುವಂಥದು. ನೀವು ಹೇಳಿದ್ದನ್ನು ಅವನು ಬರೆಯಲಿ. ತನ್ನದನ್ನು ಸೇರಿಸುವುದು ಬೇಡ. ‘ಧೃಡ’ ಎಂದು ಬರೆದಿದ್ದಾನೆ. ‘ದೃಢ’ ಎಂಬುದು ಸರಿಯಾದ ರೂಪ. ಇದನ್ನು ಅವನು ನಾಲ್ಕನೆಯ ತರಗತಿಯಲ್ಲಿದ್ದಾಗಲೇ ಹೇಳಿಕೊಟ್ಟಿದ್ದೆ.

ಮೂರು ಹುರಿಗಳನ್ನು ಇದರೊಡನೆ ಇಟ್ಟಿದ್ದೇನೆ.

ಇಂತು,
ರಾಜೇಶ್ವರಮ್ಮ


ಸೊರಬ,
೧೫-೧೨-೧೯೫೭

ಶ್ರೀಮತಿ ರಾಜೇಶ್ವರಮ್ಮನವರ ಸನ್ನಿಧಿಗೆ ಉಚ್ಚಂಗಪ್ಪನ ಬಿನ್ನಹ.

ಹುರಿಗಳು ತಲುಪಿದವು. ಎತ್ತರದ್ದೂ ಕಿಂಡಿಯದೂ ಸರಿಯಾಗಿವೆ. ಮೂರನೆಯದರ ವಿಷಯದಲ್ಲಿ ಒಂದು ಕೋರಿಕೆ. ನಮ್ಮಲ್ಲಿ ಕಾಲಿನ ಅಳತೆಯನ್ನು ಬೆಳಿಗ್ಗೆ ತೆಗೆಯುವುದಿಲ್ಲ, ಸಂಜೆ ತೆಗೆಯುತ್ತೇವೆ. ಹೊತ್ತು ಮೂಡುವಾಗಿನ ಕಾಲೇ ಬೇರೆ, ದಿನವೆಲ್ಲ ನಡೆದು ದಣಿದ ಕಾಲೇ ಬೇರೆ. ಮೆಟ್ಟಿಲು ಎರಡಕ್ಕೂ ಆಗಿಬರಬೇಕು. ಇದನ್ನು ಹಿಂದಿನ ಪತ್ರದಲ್ಲಿ ತಿಳಿಸಬೇಕಾಗಿತ್ತು. ತಿಳಿಸದಿದ್ದುದು ನಮ್ಮ ತಪ್ಪು. ದಯವಿಟ್ಟು ದೀಪ ಹಚ್ಚುವ ಹೊತ್ತಿಗೆ ಇನ್ನೊಮ್ಮೆ ಅಳೆದು ಕಳುಹಿಸಬೇಕು. ಅವಸರವಿಲ್ಲ. ಹಾಗೆ ಅಳೆದಾಗ ಗಂಟು ಕೆಳಗೆ ಬಂದರೆ ಅದಕ್ಕೆ ಬೇಸರಪಡಬಾರದು. ಮೆಟ್ಟಿಲು ತಗ್ಗಾದಷ್ಟೂ ಅದು ಸುತ್ತುವುದು ಹೆಚ್ಚು, ಸುತ್ತಿದಷ್ಟೂ ನೋಡಲು ಚೆಂದ.

ಮೆಟ್ಟಿಲುಗಳಿಗೆ ನಂದಿಮರದ ದಿಮ್ಮಿಗಳು ಅಂಗಡಿಯ ಹಿಂದೆ ಎರಡು ಮಳೆಗಾಲ ಕಂಡು ಚೆನ್ನಾಗಿ ಆರಿವೆ. ನಡುವಿನ ಕಂಬಕ್ಕೆ ತಕ್ಕ ಹೊನ್ನೆಯ ಮರ ಇನ್ನೂ ಸಿಗಬೇಕಾಗಿದೆ. ಚಂದ್ರಗುತ್ತಿಯ ಕಡೆಯ ಮರದ ಡಿಪೋದಲ್ಲಿ ಹರಾಜು ಇದೆ ಎಂದು ಕೇಳಿದ್ದೇವೆ.

ಕೆಲಸ ದೃಢವಾಗಿರುತ್ತದೆ.

ಇಂತು,
ಉಚ್ಚಂಗಪ್ಪ (ಹೆಬ್ಬೆಟ್ಟು)
ಬರೆದವನು: ಅಂಗಡಿಯ ಕೆಲಸಗಾರ. ಸೇರಿಸಿದ್ದು ಏನೂ ಇಲ್ಲ.


ಶಿಕಾರಿಪುರ,
೨೮-೧೨-೧೯೫೭

ಶ್ರೀ ಉಚ್ಚಂಗಪ್ಪನವರಿಗೆ ಶರಣು.

ನೀವು ಹೇಳಿದಂತೆ ಸಂಜೆಯ ಹೊತ್ತು ಅಳೆದು ಬೇರೊಂದು ಹುರಿಯನ್ನು ಕಳುಹಿಸಿದ್ದೇನೆ. ಮೊದಲಿನದಕ್ಕೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಕಾಣಬಹುದು. ಮೊದಲಿನ ಹುರಿ ಒದ್ದೆಯಾಗಿದ್ದು ಆಮೇಲೆ ಹಿಗ್ಗಿರಬೇಕು.

ಗಂಟು ಹಾಕಿದವಳು ನಿಂಗಮ್ಮ. ಅವಳು ಹಾಕುತ್ತ, “ಅವತ್ತು ಮುಂಜಾನೆ ಹಲ್ಲು ಕಚ್ಚಿ ಎತ್ತಿದ್ರಿ ಅಮ್ಮಾರೆ, ಇವತ್ತು ಸುಮ್ಮನೆ ಎತ್ತೀರಿ. ಇದೇ ಖರೆ ಅಳತಿ ನೋಡ್ರಿ,” ಎಂದಳು. ಅವಳ ಮಾತಿಗೆ ನೀವು ಬೆಲೆ ಕೊಡಬೇಕಾಗಿಲ್ಲ. ಹುರಿಗೆ ಕೊಟ್ಟರೆ ಸಾಕು.

ಇಂತು,
ರಾಜೇಶ್ವರಮ್ಮ


ಸೊರಬ,
೨೦-೧-೧೯೫೮

ಶ್ರೀಮತಿ ರಾಜೇಶ್ವರಮ್ಮನವರ ಸನ್ನಿಧಿಗೆ ಉಚ್ಚಂಗಪ್ಪನ ಬಿನ್ನಹ.

ಎರಡನೆಯ ಹುರಿಯನ್ನು ಗೋಡೆಯ ಮೊಳೆಗೆ ನೇತುಹಾಕಿದ್ದೇವೆ. ಮೊದಲಿನದನ್ನು ತೆಗೆದಿರಿಸಿದ್ದೇವೆ, ಅದು ಇನ್ನು ಬೇಕಾಗುವುದಿಲ್ಲ.

ಹೊನ್ನೆಯ ದಿಮ್ಮಿ ಸಿಕ್ಕಿತು. ಹರಾಜಿನಲ್ಲಿ ಅದನ್ನು ಬೇರೆ ಯಾರೂ ಕೇಳಲಿಲ್ಲ, ಏಕೆಂದರೆ ಬುಡದಿಂದ ಆಳೆತ್ತರದಲ್ಲಿ ಅದು ಒಂದು ಕಡೆಗೆ ಮೆಲ್ಲಗೆ ಬಾಗಿದೆ. ಹಲಗೆ ಸೀಳುವವರಿಗೆ ಅದು ಕೊರತೆ. ನಮಗೆ ಬೇಕಾದದ್ದೇ ಅದು. ಗಾಡಿಯಲ್ಲಿ ತರುವಾಗ ಎಲ್ಲರೂ ನಿಂತು ನೋಡಿದರು. ಕಂಬವನ್ನು ಬುಡ ಕೆಳಗಾಗಿಯೇ ನಿಲ್ಲಿಸುತ್ತೇವೆ, ತಲೆಕೆಳಗು ಮಾಡುವುದಿಲ್ಲ. ಮೆಟ್ಟಿಲಿನ ಒಂದು ತುದಿಯನ್ನು ಕಂಬದಲ್ಲಿ ಕೊರೆದ ಗೂಡಿಗೆ ಕೂರಿಸಿ ಮರದ ಗೂಟ ಹೊಡೆಯುತ್ತೇವೆ. ಮೊಳೆ ಇಲ್ಲ.

ಇನ್ನೊಂದು ಮಾತು. ಸುತ್ತುವ ಮೆಟ್ಟಿಲು ಯಾವಾಗಲೂ ಬಲಕ್ಕೆ ತಿರುಗಬೇಕು, ದೇವರ ಗುಡಿಯನ್ನು ಸುತ್ತಿದಂತೆ. ಹಾಗೆ ಮಾಡಿದರೆ ಹತ್ತುವಾಗ ಕೈಯಾಸರೆಯ ಕೋಲು ಎಡಗಡೆಗೆ ಬರುತ್ತದೆ. ಇದರ ಬಗ್ಗೆ ಅಂಗಡಿಯಲ್ಲಿ ಎರಡು ದಿನ ಜಗಳವಾಗಿದೆ. ಜಗಳವಾಡಿದವನಿಗೆ ಯಜಮಾನರು, “ಅಪ್ರದಕ್ಷಿಣೆ ಮೆಟ್ಲು ನನ್ನ ಕೈಯಾಗೆ ಇಲ್ಲೀವರೆಗೆ ಆಗಿಲ್ಲ ಮಾರಾಯ! ನೀನು ಹೇಳಿದ್ದು, ನೀನೇ ಬರಿ. ಬೈಸಿಕೊಳ್ಳಾದೂ ನೀನೇ,” ಎಂದಿದ್ದಾರೆ. ಆದ್ದರಿಂದ ಈ ಕೆಳಗಿನ ಮಾತು ಬರೆಯುವವನದು. ಸೇರಿಸಬಾರದೆಂಬ ಅಪ್ಪಣೆ ನೆನಪಿದೆ.

ಆ ಮನೆಯ ತಾಯಿಯವರು ಪುಸ್ತಕಗಳನ್ನು ಯಾವಾಗಲೂ ಎಡದ ತೋಳಿನಲ್ಲಿ ಎದೆಗವಚಿ ಹಿಡಿದು ನಡೆಯುತ್ತಾರೆ. ಶಾಲೆಗೆ ಹೋಗುವಾಗಲೂ ಬರುವಾಗಲೂ ಹಾಗೆಯೇ. ಬಲಗೈಯನ್ನು ಬಿಡುವಾಗಿ ಇಟ್ಟುಕೊಳ್ಳುತ್ತಾರೆ, ಮಳೆಯಿದ್ದರೆ ಕೊಡೆಗೆ, ಇಲ್ಲದಿದ್ದರೆ ಜೊತೆಯಲ್ಲಿ ನಡೆಯುವ ಮಗುವಿಗೆ. ಆದ್ದರಿಂದ ಕೈಯಾಸರೆ ಬಲಗಡೆಗೇ ಬೇಕು, ಮೆಟ್ಟಿಲು ಎಡಕ್ಕೆ ತಿರುಗಬೇಕು. ಇಳಿಯುವಾಗ ಅದೇ ಬಲಗೈಗೆ ನಡುಗಂಬ ಸಿಗುತ್ತದೆ. ಬೆರಳು ಕೂರುವಂತೆ ಕಂಬದ ಸುತ್ತಲೂ ಹಿಡಿ ಕೊರೆಯಬಹುದು.

ತಮ್ಮ ಉತ್ತರ ಬರುವವರೆಗೆ ಕಂಬದಲ್ಲಿ ಗೂಡು ಕೊರೆಯುವುದಿಲ್ಲ.

ಇಂತು,
ಉಚ್ಚಂಗಪ್ಪ (ಹೆಬ್ಬೆಟ್ಟು)
ಬರೆದವನು: ಅಂಗಡಿಯ ಕೆಲಸಗಾರ


ಶಿಕಾರಿಪುರ,
೨೨-೨-೧೯೫೮

ಶ್ರೀ ಉಚ್ಚಂಗಪ್ಪನವರಿಗೆ ಶರಣು.

ಉತ್ತರ ತಡವಾಯಿತು. ಮೈಯಲ್ಲಿ ಏನೂ ತೊಂದರೆಯಿರಲಿಲ್ಲ. ಕುಳಿತು ಬರೆಯಲು ತೊಡಗಿದಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಅಪ್ರದಕ್ಷಿಣೆಯ ವಿಷಯವಾಗಿ ನೀವು ಅಳುಕಬೇಕಾಗಿಲ್ಲ. ಹತ್ತುವಾಗ ಎಡಕ್ಕೆ ಸುತ್ತಿದವರು ಇಳಿಯುವಾಗ ಬಲಕ್ಕೇ ಸುತ್ತಬೇಕಲ್ಲವೆ? ದಿನದ ಕೊನೆಗೆ ಲೆಕ್ಕ ಸರಿಹೋಗುತ್ತದೆ. ಅಲ್ಲದೆ ಮೇಲಿರುವುದು ದೇವರ ಕೋಣೆಯಲ್ಲ. ಪುಸ್ತಕಗಳಿಗೆ ಎಡಬಲದ ಮಡಿಯಿಲ್ಲ.

ಎಡಕ್ಕೇ ತಿರುಗಲಿ.

ಬರೆಯುವವರು ಸೇರಿಸಿದ ಮಾತಿನಲ್ಲಿ ತಪ್ಪು ಕಾಣಲಿಲ್ಲ.

ಇಂತು,
ರಾಜೇಶ್ವರಮ್ಮ


ಸೊರಬ,
೩೦-೩-೧೯೫೮

ಶ್ರೀಮತಿ ರಾಜೇಶ್ವರಮ್ಮನವರ ಸನ್ನಿಧಿಗೆ ಉಚ್ಚಂಗಪ್ಪನ ಬಿನ್ನಹ.

ಕೆಲಸ ಮುಗಿಯುತ್ತ ಬಂದಿದೆ. ಯುಗಾದಿಯ ದಿನ ಅಂಗಡಿಯ ಅಂಗಳದಲ್ಲಿ ಕಂಬವನ್ನು ನಿಲ್ಲಿಸಿ ಮೆಟ್ಟಿಲುಗಳನ್ನು ಒಮ್ಮೆ ಜೋಡಿಸಿ ನೋಡಿದೆವು. ಹಾದಿಯಲ್ಲಿ ಹೋಗುವವರೆಲ್ಲ, “ಇದೇನು ಉಚ್ಚಂಗಣ್ಣ, ಆಕಾಶಕ್ಕೆ ಮೆಟ್ಲು ಹಾಕೀಯ?” ಎಂದು ನಗೆಯಾಡಿದರು. ಮೇಲಿನ ಕೊನೆಯ ಮೆಟ್ಟಿಲಿಗೆ ಇಟ್ಟಿದ್ದ ದಿಮ್ಮಿ ಸೀಳುವಾಗ ಬಿರುಕು ಬಿಟ್ಟಿತು. ಅದಕ್ಕೆ ಬದಲಾಗಿ ಈಚೆಗೆ ಕಡಿದ ಮರದ ತುಂಡನ್ನು ಹಾಕಿದ್ದೇವೆ. ಅದು ಇನ್ನೂ ಸ್ವಲ್ಪ ಹಸಿ. ಬಲಕ್ಕೇನೂ ಕೊರತೆಯಿಲ್ಲ.

ಈಗ ನನ್ನದೊಂದು ಸಂಕಟವನ್ನು ತಮ್ಮ ಮುಂದೆ ಇಡಬೇಕಾಗಿದೆ. ನನ್ನ ಕಣ್ಣಿಗೆ ಪೊರೆ ಬಂದು ಒಂದು ವರ್ಷವಾಯಿತು. ಈ ಮೆಟ್ಟಿಲಿನಲ್ಲಿ ನಾನು ಮಾಡಿದ್ದು ಬೈದದ್ದು ಮಾತ್ರ. ಉಳಿ ಹಿಡಿದ ಕೈ ಬೇರೆಯವನದು. ಅವನು ಬಾರದೆ, ಹತ್ತಿ ಇಳಿಯದೆ, ಅದನ್ನು ನಾನು ಹೇಗೆ ಒಪ್ಪಿಸಲಿ? ಅವನನ್ನು ಕೇಳಿದರೆ, “ಆ ಮನೆಗೆ ಬರೋಕೆ ನನಗೆ ಅಪ್ಪಣೆ ಇಲ್ಲ ಯಜಮಾನ್ರೆ,” ಎನ್ನುತ್ತಾನೆ. ಬಿಟ್ಟು ಬರೋಣವೆಂದರೆ ರೂಢಿ ಕಾಲು ಹಿಡಿಯುತ್ತದೆ.

ಇದನ್ನು ಬರೆಯುವುದಿಲ್ಲವೆಂದು ಬರೆಯುವವನು ಹಟ ಹಿಡಿದ. “ನಾನು ಹೇಳಿದ್ದು ಬರೀಬೇಕು ಅಂತ ಆ ಅಮ್ಮನೇ ಹೇಳಿಲ್ವ? ಬರಿ,” ಎಂದು ಕೂರಿಸಿ ಬರೆಸಿದ್ದೇನೆ. ಎಂತ ಮಾಡಬೇಕೆಂದು ತಾವೇ ಹೇಳಬೇಕು.

ಇಂತು,
ಉಚ್ಚಂಗಪ್ಪ (ಹೆಬ್ಬೆಟ್ಟು)


ಶಿಕಾರಿಪುರ,
೮-೪-೧೯೫೮

ಶ್ರೀ ಉಚ್ಚಂಗಪ್ಪನವರಿಗೆ ಶರಣು.

ನಿಮ್ಮ ಕಣ್ಣಿನ ವಿಷಯ ತಿಳಿದು ವ್ಯಥೆಯಾಯಿತು. ಶಿವಮೊಗ್ಗೆಯ ಆಸ್ಪತ್ರೆಯಲ್ಲಿ ಪೊರೆ ತೆಗೆಯುತ್ತಾರೆ. ತಡಮಾಡಬಾರದು.

ರೂಢಿಯನ್ನು ಈ ಒಂದು ಸಲ ಬಿಟ್ಟುಬಿಡಿ. ಮೂವತ್ತು ವರ್ಷ ಮಕ್ಕಳಿಗೆ, ಆಡಿದ ಮಾತನ್ನು ನಡೆಸಬೇಕೆಂದು ಹೇಳುತ್ತ ಬಂದವಳು ನಾನು. ನನ್ನ ಮನೆಯಲ್ಲೇ ಅದನ್ನು ಅನುಕೂಲಕ್ಕೆ ತಕ್ಕಂತೆ ಬಗ್ಗಿಸಲಾರೆ. ಮೆಟ್ಟಿಲಿನೊಡನೆ ನೀವು ಬನ್ನಿ, ಜೊತೆಗೆ ಆಳುಗಳನ್ನು ಕರೆತನ್ನಿ. ಊಟದ ವ್ಯವಸ್ಥೆ ಇಲ್ಲಿಯೇ ಆಗುತ್ತದೆ.

ಇಂತು,
ರಾಜೇಶ್ವರಮ್ಮ


ಶಿಕಾರಿಪುರ,
೧೧-೫-೧೯೫೮

ಚಿರಂಜೀವಿ ತೋಟಪ್ಪನಿಗೆ ನಿನ್ನ ತಾಯಿಯ ಆಶೀರ್ವಾದ.

ನಿನ್ನ ಹೆಸರನ್ನು ಲಕೋಟೆಯ ಮೇಲೆ ಬರೆಯುವಾಗ ವಿಳಾಸದಲ್ಲಿ ‘ಅಂಗಡಿಯ ಕೆಲಸಗಾರ’ ಎಂದು ಸೇರಿಸಬೇಕೆ ಎಂದು ಯೋಚಿಸಿದೆ. ಸೇರಿಸಲಿಲ್ಲ.

ನಿಮ್ಮ ಯಜಮಾನರು ಬಂದು ಹೋಗಿ ಹತ್ತು ದಿನಗಳಾದವು. ಹೇಗಾಯಿತೆಂದು ಅವರು ಹೇಳಿರಬಹುದು; ಆದರೆ ಅವರು ಹೇಳದೆ ಬಿಟ್ಟಿರುವುದೂ ಇರಬಹುದು. ಶಿರಾಳಕೊಪ್ಪದ ಕಡೆಯಿಂದ ಗಾಡಿ ಬಂದದ್ದು ಮಧ್ಯಾಹ್ನ. ಕಂಬವನ್ನು ಒಳಗೆ ತರಲು ನಡುಬಾಗಿಲ ಕದಗಳನ್ನು ಕಳಚಬೇಕಾಯಿತು. ಅದರ ಬಾಗು ಬಾಗಿಲಿಗೆ ಸಿಕ್ಕಿಕೊಂಡಾಗ ನಿಂಗಮ್ಮ, “ಏ, ನೆಟ್ಟಗಿರೋ ಮರ ಸಿಗಲಿಲ್ಲೇನ್ರೋ ನಿಮಗ?” ಎಂದಳು. ಯಜಮಾನರು, “ನೆಟ್ಟಗಿರಾದು ಈ ಮನೇಲಿ ಆಗಲೇ ಒಂದೈತಲ್ಲವ್ವ,” ಎಂದು ನನ್ನ ಕಡೆಗೆ ತಿರುಗಿ ನಕ್ಕರು. ಕಣ್ಣು ಕಾಣದವರಿಗೆ ನಾನು ಎಲ್ಲಿ ನಿಂತಿದ್ದೇನೆಂದು ಹೇಗೆ ತಿಳಿಯಿತೋ.

ಎಲ್ಲವೂ ನಿಂತ ಮೇಲೆ ಅವರು ಜೇಬಿನಿಂದ ಒಂದು ಹುರಿಯನ್ನು ತೆಗೆದು, ಎರಡು ಮಾವಿನೆಲೆ ಸಿಕ್ಕಿಸಿ, ಮೊದಲ ಮೆಟ್ಟಿಲಿಗೆ ಅಡ್ಡಲಾಗಿ ಕಟ್ಟಿದರು. “ನೀವು ನಿಮ್ಮ ಮಾತು ಬಿಡಬೇಡ್ರಿ ಅಮ್ಮ, ನಾನೂ ನನ್ನ ರೂಢಿ ಬಿಡಲ್ಲ. ಮಾಡಿದೋನು ಬಂದು ಬಿಚ್ಚೋವರೆಗೂ ಇದು ಮೆಟ್ಲಲ್ಲ, ಬರೀ ಮರ,” ಎಂದು ಹೇಳಿ ಊಟ ಮಾಡಿ ಹೊರಟುಹೋದರು. ಹುರಿಯನ್ನು ನೋಡಿದೆ. ನಿಂಗಮ್ಮ ಸಂಜೆ ಗಂಟು ಹಾಕಿದ ಹುರಿ ಅದು.

ಅದನ್ನು ಬಿಚ್ಚುವುದು ನನಗೇನೂ ಕಷ್ಟವಲ್ಲ. ಒಂದು ಬೆರಳು ಸಾಕು. ಹತ್ತು ದಿನಗಳಿಂದ ಅದರ ಎದುರಿಗೆ ಕುಳಿತು ಅಕ್ಕಿ ಆರಿಸುತ್ತಿದ್ದೇನೆ, ಪಂಚಾಂಗ ಓದುತ್ತಿದ್ದೇನೆ, ಬಿಚ್ಚಿಲ್ಲ. ಮಾವಿನೆಲೆ ಒಣಗಿತು. ನಿಂಗಮ್ಮ ಬೇರೆ ಎಲೆ ತಂದು ಸಿಕ್ಕಿಸಿದಳು. ನಾನು ಬೇಡವೆನ್ನಲಿಲ್ಲ.

ಕುಳಿತಲ್ಲಿಂದ ಕೈಚಾಚಿ ಕೈಯಾಸರೆಯ ಕೋಲನ್ನು ಮುಟ್ಟಿ ನೋಡಿದೆ. ಉದ್ದಕ್ಕೂ ಒರಟಾಗಿದೆ, ಗಂಟುಗಳಿವೆ. ಮೊದಲ ತಿರುವಿನಲ್ಲಿ, ನನ್ನ ಕೈ ಬೀಳುವ ಎತ್ತರದಲ್ಲಿ ಮಾತ್ರ ನುಣುಪಾಗಿದೆ. ನನ್ನ ಕೈ ಎಲ್ಲಿ ಬೀಳುತ್ತದೆಂದು ನಾನು ಯಾವ ಹುರಿಯಲ್ಲೂ ಬರೆದು ಕಳುಹಿಸಿರಲಿಲ್ಲ.

ನಾನು ಅಂದು ಹೇಳಿದ ಮಾತನ್ನು ಮತ್ತೆ ನೆನಪು ಮಾಡಿಕೊಂಡೆ. ಏನನ್ನಾದರೂ ಪೂರ್ತಿ ಮಾಡಿ ಬಾ ಎಂದಿದ್ದೆ. ಶಿವಮೊಗ್ಗೆಯ ತರಬೇತಿಯನ್ನೇ ಎಂದು ಹೇಳಿರಲಿಲ್ಲ. ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಬಾ ಎಂದಿದ್ದೆ. ನಿನ್ನದು ನಿನಗಿಂತ ಮೊದಲೇ ಬಂದು ನಡುಮನೆಯಲ್ಲಿ ನಿಂತಿದೆ. ಕೈಯಲ್ಲಿ ಹಿಡಿಯುವಂಥದಲ್ಲ ಎಂಬುದನ್ನು ಒಪ್ಪುತ್ತೇನೆ. ನನ್ನ ಮಾತು ನಡೆದಿದೆ. ಬಗ್ಗಿಸಿದ್ದಲ್ಲ.

ಬರುವ ಸೋಮವಾರ ಮೊದಲ ಬಸ್ಸಿಗೆ ಬಾ. ನಿಂಗಮ್ಮ ರೊಟ್ಟಿ ತಟ್ಟುತ್ತಾಳೆ, ನಾನು ಎಣ್ಣೆಗಾಯಿ ಮಾಡುತ್ತೇನೆ. ನಿನಗೆ ಈಗಲೂ ಅದು ಇಷ್ಟವೋ ಇಲ್ಲವೋ ತಿಳಿಯದು. ಇಲ್ಲದಿದ್ದರೆ ಬಂದು ಹೇಳು.

ಇಂತು,
ನಿನ್ನ ಅವ್ವ


ಸೊರಬ,
೨೬-೫-೧೯೫೮

ಅವ್ವನ ಪಾದಗಳಿಗೆ ತೋಟಪ್ಪನ ನಮಸ್ಕಾರಗಳು.

ಸುಖವಾಗಿ ಬಂದು ತಲುಪಿದೆ. ಬಸ್ಸು ಶಿರಾಳಕೊಪ್ಪದಲ್ಲಿ ಕೆಟ್ಟು ನಿಂತಿತ್ತು. ಬುತ್ತಿಯನ್ನು ಅಲ್ಲಿಯೇ ಬಿಚ್ಚಿದೆ. ಎಣ್ಣೆಗಾಯಿ ಈಗಲೂ ಇಷ್ಟ. ಅದನ್ನು ಅಲ್ಲಿದ್ದಾಗ ಹೇಳಲಿಲ್ಲ.

ಯಜಮಾನರು ನಡೆದದ್ದನ್ನೆಲ್ಲ ಕೇಳಿದರು. ಹುರಿ ಬಿಚ್ಚಿದೆ, ಹತ್ತಿದೆ, ಇಳಿದೆ ಎಂದೆ. “ಅಮ್ಮ ಎಂತ ಅಂದ್ರು?” ಎಂದರು. ‘ಕಾಲು ತೊಳಕೊಂಡು ಹತ್ತಿದೆಯೇನೋ?’ ಎಂದು ಕೇಳಿದರು ಎಂದೆ. ಯಜಮಾನರು ಕಣ್ಣೀರು ಬರುವಷ್ಟು ನಕ್ಕರು.

ನೀವು ಹತ್ತುವಾಗ ನಾನು ಕೆಳಗೆ ಕಂಬದ ಪಕ್ಕ ನಿಂತದ್ದು ಮರ ಕಿರುಗುಟ್ಟುತ್ತದೆಯೇ ಎಂದು ಕೇಳಲು. ಅದೂ ಅಂಗಡಿಯ ರೂಢಿಯೇ. ನಿಮ್ಮ ಎಡಗೈಯಲ್ಲಿ ಪಂಚಾಂಗ ಇತ್ತು. ಅದನ್ನು ಮೇಲೆ ಇಟ್ಟು ಬರುತ್ತೇನೆ ಎಂದು ಹೋದವರು ಬಹಳ ಹೊತ್ತು ಇಳಿದು ಬರಲಿಲ್ಲ. ಕಿಟಕಿ ತೆಗೆದ ಸದ್ದು ಕೇಳಿಸಿತು. ಆಮೇಲೆ ಪುಸ್ತಕದ ಧೂಳು ಕೊಡವುವ ಸದ್ದು, ಒಂದಾದ ಮೇಲೆ ಒಂದು. ಚಿಕ್ಕಂದಿನಲ್ಲಿ ಕೆಳಗೆ ಮಲಗಿ ಕೇಳುತ್ತಿದ್ದ ಸದ್ದು ಅದು. ನಾನೂ ನಿಂಗಮ್ಮನೂ ಕೆಳಗೆ ಕುಳಿತಿದ್ದೆವು. ದೀಪಾವಳಿಯ ಮರುದಿನ ನೀವು ಏಣಿಯಿಂದ ಜಾರಿದ್ದನ್ನು, ತಿಂಗಳು ಕಾಲ ಗೋಡೆ ಹಿಡಿದು ನಡೆದದ್ದನ್ನು ಅವಳು ಪಿಸುದನಿಯಲ್ಲಿ ಹೇಳಿದಳು. ನಾನು ಅದನ್ನು ಕೇಳಿಸಿಕೊಂಡಿಲ್ಲವೆಂದೇ ತಾವು ತಿಳಿಯಬೇಕು.

ಇನ್ನು ಯಜಮಾನರು ಹೇಳಿ ಬರೆಸಿದ್ದು: ಮೇಲಿನ ಕೊನೆಯ ಮೆಟ್ಟಿಲಿನ ಅಂಚಿಗೆ ತೊಗಟೆ ಹಾಗೆಯೇ ಇದೆ. ಹಸಿಮರವಾದ್ದರಿಂದ ಈಗ ಹೆರೆಯಬಾರದು. ಮಳೆಗಾಲ ಕಳೆದು ಮರ ಆರಿದ ಮೇಲೆ ಯಾರಾದರೂ ಬಂದು ಅದನ್ನು ಸರಿಮಾಡಬೇಕು. ಕೆಲಸ ಇಷ್ಟು ಬಾಕಿ ಉಳಿದದ್ದಕ್ಕೆ ಯಜಮಾನರು ಕ್ಷಮೆ ಕೇಳುತ್ತಾರೆ.

ಇಂತು,
ತೋಟಪ್ಪ
(ಅಂಗಡಿಯ ಕೆಲಸಗಾರ)


ಶಿಕಾರಿಪುರ,
೯-೬-೧೯೫೮

ಚಿರಂಜೀವಿ ತೋಟಪ್ಪನಿಗೆ ಅವ್ವನ ಆಶೀರ್ವಾದ.

ಇದನ್ನು ಮಹಡಿಯ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬೀದಿಯಲ್ಲಿ ಶಾಲೆ ಬಿಟ್ಟ ಹುಡುಗಿಯರು ಹೋಗುತ್ತಿದ್ದಾರೆ. ಕಿಟಕಿಯಲ್ಲಿ ನನ್ನನ್ನು ಕಂಡು ಓಡುತ್ತಿದ್ದವರು ಸಾಲಾಗಿ ನಡೆಯತೊಡಗಿದರು. ನಿವೃತ್ತಳಾಗಿದ್ದೇನೆಂದು ಅವರಿಗೆ ಯಾರೂ ಹೇಳಿದಂತಿಲ್ಲ. ಮಳೆಯ ಮೊದಲ ಹನಿಗಳು ಬಿದ್ದವು. ನಡುಮನೆಯಲ್ಲಿ ಹೊನ್ನೆಯ ವಾಸನೆ ಹಬ್ಬಿದೆ. ನಿಂಗಮ್ಮ ಈಗ ಮೇಲಕ್ಕೆ ಬರುವುದಕ್ಕೆ ನೆವ ಹುಡುಕುತ್ತಾಳೆ. ದಿನಕ್ಕೆ ಎರಡು ಸಲ ಗುಡಿಸುತ್ತಾಳೆ. ಬಂದಾಗಲೆಲ್ಲ, “ತಲೆ ತಿರುಗತೈತಿ ಅಮ್ಮಾರೆ, ಆದ್ರ ಚಲೋ ತಿರುಗತೈತಿ,” ಎನ್ನುತ್ತಾಳೆ.

ನಿಮ್ಮ ಯಜಮಾನರು ಹೇಳಿ ಬರೆಸಿದ್ದಕ್ಕೆ ಉತ್ತರ: ಕೊನೆಯ ಮೆಟ್ಟಿಲನ್ನು ನಾನು ಮೊದಲ ದಿನವೇ ಗಮನಿಸಿದ್ದೆ. ತೊಗಟೆ ಹಾಗೆಯೇ ಇದೆ, ಸೀರೆಯ ನೆರಿಗೆ ದಿನವೂ ಅದಕ್ಕೆ ತಗಲುತ್ತದೆ. ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವುದರ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತೇ ಇದೆ. ಆದುದರಿಂದ ಮಳೆಗಾಲ ಕಳೆಯುವವರೆಗೆ ಕಾಯುವುದು ಸರಿಯಲ್ಲ. ಮರ ಎಷ್ಟು ಆರಿದೆ ಎಂದು ಆಗಾಗ ಬಂದು ನೋಡುತ್ತಿರಬೇಕು. ಹಸಿಮರವನ್ನು ನಂಬಿ ಕೂರಲಾಗದು.

ಬಂದಾಗ ಉಳಿಯನ್ನೂ ತರಬೇಕು. ಆದರೆ ಒಂದೇ ಸಲಕ್ಕೆ ಹೆರೆದು ಮುಗಿಸುವ ಆತುರ ಬೇಡ. ಒಂದು ಸಲಕ್ಕೆ ಒಂದು ಬೆರಳಿನಗಲ ತೆಗೆದರೆ ಸಾಕೆಂದು ನಿಮ್ಮ ಯಜಮಾನರಿಗೆ ನಾನು ಹೇಳಿದೆನೆಂದು ಹೇಳು.

ಇಂತು,
ನಿನ್ನ ಅವ್ವ